ಸೀಟು ಹೆಚ್ಚಾದರೆ ತರಗತಿಯ ಸರಾಸರಿ ಬುದ್ಧಿಮತ್ತೆ ಎಷ್ಟು ಇಳಿಯುತ್ತದೆ? ಲೆಕ್ಕ ಹಾಕುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಯಾವ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿಗೆ ಹೋದರೂ ಮೌಲ್ಯಮಾಪನದ ದಿನಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: ‘ಮೊದಲಿನ ಹುಡುಗ್ರ ಹಂಗಲ್ಲ ಬಿಡ್ರಿ ಈಗಿನವ್ರು.’ ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂದು ಲೆಕ್ಕ ಹಾಕಿ ನೋಡಬಹುದು. ಕಾಲೇಜಿನ ಅಡ್ಮಿಷನ್ ರಿಜಿಸ್ಟರ್, ಒಂದು ಕ್ಯಾಲ್ಕುಲೇಟರ್, ಒಂದು ಸಂಜೆಯ ಬಿಡುವು ಇದ್ದರೆ ಮೊದಲ ಹಂತ ಮುಗಿಯುತ್ತದೆ. ನಿಜವಾದ ಪರೀಕ್ಷೆ ನಡೆಸುವುದಾದರೆ ಒಂದು ಸೆಮಿಸ್ಟರ್ ಬೇಕು. ಲೆಕ್ಕ ಹಾಕದೆ ಹೇಳಿದ ಮಾತಿನ ಭಾರ ಬೀಳುವುದು ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳ ಮೇಲೆ. ಆದ್ದರಿಂದ ಈ ಕೆಲಸವನ್ನು ಸರಿಯಾಗಿ ಮಾಡಬೇಕು.

ಜರಡಿಯ ಲೆಕ್ಕ

ಚಳ್ಳಕೆರೆ ಕಡೆ ಶೇಂಗಾ ಬೀಜ ಜರಡಿ ಹಿಡಿಯುವುದನ್ನು ನೋಡಿದವರಿಗೆ ಅರ್ಧ ವಿಷಯ ಆಗಲೇ ಗೊತ್ತು. ದೊಡ್ಡ ಕಣ್ಣಿನ ಜರಡಿಯಲ್ಲಿ ಮೇಲೆ ಉಳಿಯುವುದು ದಪ್ಪ ಬೀಜ ಮಾತ್ರ. ಸಣ್ಣ ಕಣ್ಣಿನದು ಹಿಡಿದರೆ ಮಧ್ಯಮ ಬೀಜವೂ ಉಳಿಯುತ್ತದೆ. ಮೇಲಿನ ರಾಶಿ ಬೆಳೆಯುತ್ತದೆ, ಅದರ ಸರಾಸರಿ ಗಾತ್ರ ಇಳಿಯುತ್ತದೆ. ಆದರೆ ಹೊಲದ ಬೆಳೆ ಕೆಟ್ಟಿಲ್ಲ, ದಪ್ಪ ಬೀಜ ಒಂದೂ ಕಳೆದಿಲ್ಲ.

ಬುದ್ಧಿಮತ್ತೆ ಪರೀಕ್ಷೆಯ ಅಂಕ, ಅಂದರೆ ಐಕ್ಯೂ, ಇಡೀ ಜನಸಂಖ್ಯೆಗೆ ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) 15 ಬರುವ ಹಾಗೆ ಹೊಂದಿಸಿಟ್ಟ ಅಳತೆ. ಒಂದು ವಯೋಮಾನದವರಲ್ಲಿ ಮೇಲಿನ ಇಂತಿಷ್ಟು ಪಾಲನ್ನು ಮಾತ್ರ ಆರಿಸಿದರೆ ಆ ಗುಂಪಿನ ಸರಾಸರಿ 100ಕ್ಕಿಂತ ಎಷ್ಟು ಮಾನಕ ವಿಚಲನೆ ಮೇಲಿರುತ್ತದೆ ಎಂಬುದಕ್ಕೆ ಸಿದ್ಧ ಗುಣಕಗಳಿವೆ:

ಶೇ 5 ಆರಿಸಿದರೆ 2.06
ಶೇ 10 ಆರಿಸಿದರೆ 1.76
ಶೇ 20 ಆರಿಸಿದರೆ 1.40
ಶೇ 30 ಆರಿಸಿದರೆ 1.16
ಶೇ 40 ಆರಿಸಿದರೆ 0.97
ಶೇ 50 ಆರಿಸಿದರೆ 0.80

ಗುಣಕವನ್ನು 15ರಿಂದ ಗುಣಿಸಿ 100ಕ್ಕೆ ಕೂಡಿಸಿ. ಬುದ್ಧಿಮತ್ತೆ ಒಂದನ್ನೇ ನೋಡಿ ಶೇ 10ರಷ್ಟು ಜನರಿಗೆ ಸೀಟು ಕೊಟ್ಟರೆ ಕಾಲೇಜಿನ ಸರಾಸರಿ 126. ಶೇ 30 ಆದಾಗ 117, ಶೇ 50 ಆದಾಗ 112. ಮೇಲ್ನೋಟಕ್ಕೆ 14 ಅಂಕದ ಕುಸಿತ.

ಈಗ ಇದೇ ಲೆಕ್ಕವನ್ನು ತಲೆ ಎಣಿಸಿ ನೋಡಿ. 1,000 ಯುವಕ ಯುವತಿಯರಲ್ಲಿ 120ಕ್ಕಿಂತ ಮೇಲಿನವರು ಸುಮಾರು 91 ಜನ. 100 ಸೀಟು ಇದ್ದಾಗ ಆ 91 ಜನರೂ ಕಾಲೇಜಿನಲ್ಲಿದ್ದರು, ನೂರಕ್ಕೆ 91. 300 ಸೀಟು ಆದಾಗಲೂ ಅದೇ 91 ಜನ ಇದ್ದಾರೆ, ಆದರೆ ನೂರಕ್ಕೆ 30. ಪಾಠ ಮಾಡುವವರ ಕಣ್ಣಿಗೆ ಕಾಣುವುದು ಈ 30. ಜಾಣರು ಕಡಿಮೆಯಾದರು ಎನ್ನಿಸುವುದು ಸಹಜ. ಆಗಿರುವುದು ಅದಲ್ಲ. ಅವರ ಸುತ್ತ ಕೂತವರ ಸಂಖ್ಯೆ ಹೆಚ್ಚಾಗಿದೆ.

ಸರಾಸರಿಯ ಜೊತೆಗೆ ಹರವನ್ನೂ ಗಮನಿಸಬೇಕು. ಇಂಥ ಕಟ್ಟುನಿಟ್ಟಾದ ಆಯ್ಕೆಯಲ್ಲಿ ಶೇ 10ರ ಗುಂಪಿನೊಳಗಿನ ಮಾನಕ ವಿಚಲನೆ 6.2, ಶೇ 30ಕ್ಕೆ 7.7, ಶೇ 50ಕ್ಕೆ 9. ಅಂದರೆ ಒಂದೇ ಬೆಂಚಿನಲ್ಲಿ ಕೂತವರ ನಡುವಿನ ಅಂತರವೇ ದೊಡ್ಡದಾಗುತ್ತದೆ. ಪಾಠದ ವೇಗ ಯಾರಿಗೆ ಹೊಂದಿಸಬೇಕೆಂದು ಪೇಚಾಡುವುದಕ್ಕೆ ಸರಾಸರಿಯ ಇಳಿತದಷ್ಟೇ ಈ ಹರವೂ ಕಾರಣ.

ಬಾಗಿಲಲ್ಲಿ ಏನು ನೋಡುತ್ತಿದ್ದರು?

ಮೇಲಿನ ಲೆಕ್ಕ ಒಂದು ತಪ್ಪು ಊಹೆಯ ಮೇಲೆ ನಿಂತಿದೆ: ಕಾಲೇಜಿನ ಬಾಗಿಲು ಬುದ್ಧಿಯನ್ನೇ ನೋಡಿ ತೆರೆಯುತ್ತಿತ್ತು ಎಂಬುದು. ಯಾವ ಕಾಲಕ್ಕೂ ಹಾಗಿರಲಿಲ್ಲ. ಫೀಸು ಕಟ್ಟುವ ಶಕ್ತಿ, ಹಾಸ್ಟೆಲ್, ಬಸ್ಸು, ಜಾತಿ, ಹುಡುಗಿಯಾದರೆ ಮನೆಯವರ ಒಪ್ಪಿಗೆ, ಇವು ಬುದ್ಧಿಗಿಂತ ಮೊದಲೇ ಜರಡಿ ಹಿಡಿಯುತ್ತಿದ್ದವು. ಮೊಳಕಾಲ್ಮೂರು, ಜಗಳೂರು ಕಡೆಯ ಎಷ್ಟೋ ಚುರುಕಾದ ಹುಡುಗಿಯರು ಹತ್ತನೇ ತರಗತಿಗೇ ನಿಂತದ್ದು ತಲೆ ಓಡದ್ದಕ್ಕಲ್ಲ.

ಇದನ್ನು ಲೆಕ್ಕದೊಳಗೆ ತರಲು ಆಯ್ಕೆಗೂ ಬುದ್ಧಿಮತ್ತೆಗೂ ಇರುವ ಸಹಸಂಬಂಧ ಗುಣಾಂಕ ಬೇಕು. ಬರೀ ಬುದ್ಧಿ ನೋಡಿದರೆ 1, ಬುದ್ಧಿಯನ್ನು ನೋಡದೇ ಇದ್ದರೆ 0. ಶಾಲೆಯ ಅಂಕಕ್ಕೂ ಬುದ್ಧಿಮತ್ತೆ ಪರೀಕ್ಷೆಗೂ ಇರುವ ನಂಟು ಸಂಶೋಧನೆಗಳಲ್ಲಿ ಸಾಮಾನ್ಯವಾಗಿ 0.5ರ ಆಸುಪಾಸು ಸಿಗುತ್ತದೆ. ಆದ್ದರಿಂದ ಅಂಕ ನೋಡಿ ಸೀಟು ಕೊಡುವ ಕಡೆ 0.5ರಿಂದ ಶುರು ಮಾಡಿ. ಹಣ ಮತ್ತು ದೂರವೇ ನಿರ್ಧರಿಸುತ್ತಿದ್ದ ಕಾಲಕ್ಕೆ 0.3 ಇಟ್ಟುಕೊಳ್ಳಿ. ಒಂದೇ ಸಂಖ್ಯೆ ನೆಚ್ಚಬೇಡಿ, 0.3, 0.5, 0.7 ಮೂರಕ್ಕೂ ಲೆಕ್ಕ ಹಾಕಿ. ಕ್ರಮ ಇಷ್ಟೇ: ಗುಣಕ × 15 × ಸಹಸಂಬಂಧ.

ಶೇ 10ರಿಂದ ಶೇ 30ಕ್ಕೆ ಬಂದಾಗ 100ರ ಮೇಲಿನ ಅಂಕ 0.7ರಲ್ಲಿ 18.4ರಿಂದ 12.2ಕ್ಕೆ, 0.5ರಲ್ಲಿ 13.2ರಿಂದ 8.7ಕ್ಕೆ, 0.3ರಲ್ಲಿ 7.9ರಿಂದ 5.2ಕ್ಕೆ ಇಳಿಯುತ್ತದೆ. ಬಾಗಿಲು ಬುದ್ಧಿಯನ್ನು ಕಡಿಮೆ ನೋಡುತ್ತಿದ್ದಷ್ಟೂ, ಬಾಗಿಲು ಅಗಲವಾದಾಗ ಆಗುವ ಇಳಿತ ಕಡಿಮೆ.

ಇಲ್ಲಿಂದ ಮುಂದಿನದು ಹೆಚ್ಚಿನವರು ಮಾಡದೇ ಬಿಡುವ ಲೆಕ್ಕ. ಸೀಟು ಹೆಚ್ಚಾಗುವ ಜೊತೆಗೆ ಬಾಗಿಲಿನ ಸ್ವಭಾವವೂ ಬದಲಾಗಿದ್ದರೆ? ಮೊದಲು ಶೇ 10 ಜನ, ಹಣ ನೋಡಿ, 0.3: ಸರಾಸರಿ 107.9. ಈಗ ಶೇ 30 ಜನ, ವಿದ್ಯಾರ್ಥಿವೇತನ, ಹಾಸ್ಟೆಲ್, ತಾಲೂಕಿಗೊಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬಂದ ಮೇಲೆ ಅಂಕ ನೋಡಿ, 0.5: ಸರಾಸರಿ 108.7. ಮೂರು ಪಟ್ಟು ಜನ ಸೇರಿಯೂ ಸರಾಸರಿ ಏರಿತು. ಇದು ಗಣಿತದ ಕಸರತ್ತಲ್ಲ, ಯಾವ ಊರಿನಲ್ಲಾದರೂ ಆಗಬಹುದಾದದ್ದು. ಆದ್ದರಿಂದ ನಿಮ್ಮ ಲೆಕ್ಕದಲ್ಲಿ ಎರಡೂ ಕಾಲಕ್ಕೆ ಒಂದೇ ಸಹಸಂಬಂಧ ಹಾಕಿದ್ದರೆ, ಏಕೆ ಹಾಕಿದಿರಿ ಎಂದು ಪಕ್ಕದಲ್ಲೇ ಬರೆದಿಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಖಾಸಗಿ ಬಸ್ಸು ಮಾತ್ರ ಓಡುವ ಹಳ್ಳಿಯ ಹುಡುಗಿಗೆ ಅದರ ಲಾಭವಿಲ್ಲ. ಬಾಗಿಲಿನ ಸ್ವಭಾವ ಹೀಗೆ ಹಳ್ಳಿ ಹಳ್ಳಿಗೂ ಬೇರೆ.

ಛೇದವೇ ಕೈಕೊಡುವ ಜಾಗ

ಪಾಲು ಅಂದರೆ ಭಾಗಾಕಾರ. ಮೇಲೆ ಕಾಲೇಜಿಗೆ ಸೇರಿದವರು, ಕೆಳಗೆ ಆ ವಯಸ್ಸಿನ ಒಟ್ಟು ಜನ. ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಸಿಗುವ ಒಟ್ಟು ದಾಖಲಾತಿ ಅನುಪಾತವನ್ನೇ ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದರಲ್ಲಿ ಮೇಲಿನ ಸಂಖ್ಯೆ ಎಲ್ಲ ವಯಸ್ಸಿನ ವಿದ್ಯಾರ್ಥಿಗಳದು, ಕೆಳಗಿನದು 18ರಿಂದ 23 ವಯಸ್ಸಿನವರದು. 28 ವರ್ಷಕ್ಕೆ ಪಿಎಚ್.ಡಿ. ಮಾಡುವವರೂ ಮೇಲೆ ಸೇರಿರುತ್ತಾರೆ. ಹಾಗಾಗಿ ಅದನ್ನು ‘ನೂರರಲ್ಲಿ ಇಷ್ಟು ಜನ ಕಾಲೇಜು ಸೇರಿದರು’ ಎಂದು ಓದಬಾರದು, ಅಂದಾಜಿಗೆ ಮಾತ್ರ ಬಳಸಿ.

ಕೆಳಗಿನ ಸಂಖ್ಯೆಯೂ ಜನಗಣತಿಯ ಮೇಲೆ ಕಟ್ಟಿದ ಅಂದಾಜು. 2014–15ರ ದೇಶದ ಅನುಪಾತ ಮೊದಲು 24.3 ಎಂದು ಪ್ರಕಟವಾಗಿ, ಜನಸಂಖ್ಯೆಯ ಅಂದಾಜು 2011ರ ಜನಗಣತಿಗೆ ಬದಲಾದ ಮೇಲೆ 23.7 ಆಯಿತು. ಹಳೆಯ ವರದಿಯಿಂದ ಒಂದು ಸಂಖ್ಯೆ, ಹೊಸದರಿಂದ ಇನ್ನೊಂದು ತಂದು ಪಕ್ಕಪಕ್ಕ ಇಟ್ಟರೆ ಲೆಕ್ಕ ಕೆಡುತ್ತದೆ.

ಒಂದೇ ಅಂದಾಜಿನ ಸಂಖ್ಯೆಗಳನ್ನೇ ಹಿಡಿಯೋಣ. ದೇಶದಲ್ಲಿ 2014–15ಕ್ಕೆ 23.7, 2021–22ಕ್ಕೆ 28.4 (ಆ ವರ್ಷ ಕರ್ನಾಟಕಕ್ಕೆ 36.2). ಗುಣಕ 1.30ರಿಂದ 1.19ಕ್ಕೆ ಇಳಿಯುತ್ತದೆ. ಸಹಸಂಬಂಧ 0.5 ಹಾಕಿದರೆ ಏಳು ವರ್ಷದಲ್ಲಿ ಆಗುವ ಇಳಿತ 0.8 ಅಂಕ. ಪೂರ್ತಿ 1 ಹಾಕಿದರೂ 1.6. ಯಾವ ಅನುಭವಿ ಮೇಷ್ಟರ ಕಣ್ಣಿಗೂ ಬೋರ್ಡಿನ ಮುಂದೆ ನಿಂತು 0.8 ಅಂಕದ ವ್ಯತ್ಯಾಸ ಕಾಣುವುದಿಲ್ಲ. ‘ಐದಾರು ವರ್ಷದಲ್ಲಿ ಹುಡುಗರ ಮಟ್ಟ ಪಾತಾಳಕ್ಕೆ ಹೋಯಿತು’ ಎಂದು ಯಾರಾದರೂ ಹೇಳಿದರೆ, ಅವರು ಕಂಡದ್ದು ಸುಳ್ಳಲ್ಲದಿರಬಹುದು, ಆದರೆ ಅದಕ್ಕೆ ಕಾರಣ ದಾಖಲಾತಿಯ ಏರಿಕೆಯಲ್ಲ. ಬೇರೆ ಕಡೆ ಹುಡುಕಬೇಕು.

ಜಿಲ್ಲೆಯ ಮಟ್ಟದಲ್ಲಿ ಪಾಲು ಲೆಕ್ಕ ಹಾಕುವವರಿಗೆ ಇನ್ನೊಂದು ಗುಂಡಿ ಇದೆ. 1997ರ ಆಗಸ್ಟ್ 15ರವರೆಗೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊಸ ಜಿಲ್ಲೆಗೆ ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ಸೇರಿದವು. 2018ರಲ್ಲಿ ಹರಪನಹಳ್ಳಿ ಮರಳಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರದಲ್ಲಿದೆ. ಜಿಲ್ಲೆಯ ಹೆಸರು ನೋಡಿ ಸಂಖ್ಯೆ ಎತ್ತಬೇಡಿ, ತಾಲೂಕುವಾರು ಕೂಡಿಸಿ. ವಿಶ್ವವಿದ್ಯಾಲಯದ ದಾಖಲೆಯೂ ಹಾಗೆಯೇ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಗುವ ಮೊದಲು ಇಲ್ಲಿನ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದಡಿ ಇದ್ದವು. ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಎಲ್ಲವೂ ಬದಲಾಗಿವೆ.

ನಿಮ್ಮ ಕಾಲೇಜಿನಿಂದ ಯಾರು ಎದ್ದು ಹೋದರು?

ಬೇರೆ ಕಡೆ ಎಂದೆವಲ್ಲ, ಮೊದಲು ನೋಡಬೇಕಾದದ್ದು ಇಲ್ಲಿ. ಮೊದಲು ಬಿ.ಎಸ್ಸಿ.ಗೆ ಬರುತ್ತಿದ್ದ ಹುಡುಗ ಈಗ ಎಂಜಿನಿಯರಿಂಗ್‌ಗೆ ಹೋಗುತ್ತಾನೆ, ಇಲ್ಲವೇ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಒಂದು ಚಿಕ್ಕ ಲೆಕ್ಕ ಕಾಗದದ ಮೇಲೆ ಹಾಕಿ. ಡಿಗ್ರಿ ಕಾಲೇಜಿನಲ್ಲಿ ಐವರು: 120, 110, 105, 100, 95. ಸರಾಸರಿ 106. ಪಕ್ಕದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ವರು, ಎಲ್ಲರದೂ 125. ಅಲ್ಲಿ ಒಂದು ಸೀಟು ಹೆಚ್ಚಾಯಿತು, 120ರ ಹುಡುಗ ಅಲ್ಲಿಗೆ ಹೋದ. ಡಿಗ್ರಿ ಕಾಲೇಜಿನ ಸರಾಸರಿ 102.5ಕ್ಕೆ ಇಳಿಯಿತು. ಎಂಜಿನಿಯರಿಂಗ್ ಕಾಲೇಜಿನ ಸರಾಸರಿಯೂ 124ಕ್ಕೆ ಇಳಿಯಿತು. ಎರಡೂ ಸ್ಟಾಫ್ ರೂಮಿನಲ್ಲಿ ‘ಮಟ್ಟ ಇಳೀತು’ ಎನ್ನುತ್ತಾರೆ, ಎರಡೂ ಕಡೆ ಅದು ನಿಜ. ಒಂಬತ್ತು ಜನರ ಒಟ್ಟು ಅಂಕ ಮಾತ್ರ ಮೊದಲೂ 1,030, ಈಗಲೂ 1,030.

ಇದನ್ನು ಪತ್ತೆ ಹಚ್ಚಲು ನಿಮ್ಮ ಕಾಲೇಜಿಗೆ ಹೆಚ್ಚು ಮಕ್ಕಳನ್ನು ಕಳಿಸುವ ಮೂರು ನಾಲ್ಕು ಪಿಯು ಕಾಲೇಜುಗಳನ್ನು ಗುರುತಿಸಿ. ಹತ್ತು ವರ್ಷದ ಹಿಂದೆ ಮತ್ತು ಈಗ, ಅಲ್ಲಿನ ವಿಜ್ಞಾನ ವಿಭಾಗದ ಮೊದಲ 20 ಮಂದಿ ಎಲ್ಲಿಗೆ ಸೇರಿದರು ಎಂದು ಟಿಸಿ ಪುಸ್ತಕ ಮತ್ತು ಹಳೆಯ ಶಿಕ್ಷಕರಿಂದ ತಿಳಿದುಕೊಳ್ಳಿ. ಅವರಲ್ಲಿ ನಿಮ್ಮ ಕಡೆ ಬಂದವರು 8ರಿಂದ 1ಕ್ಕೆ ಇಳಿದಿದ್ದರೆ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಸಿಕ್ಕಿತು.

ಪರೀಕ್ಷೆಯ ಅಂಕ ಈ ಕೆಲಸಕ್ಕೆ ಬಾರದು

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳು ಕೈಗೆ ಸುಲಭವಾಗಿ ಸಿಗುತ್ತವೆ, ಅದೇ ಅಪಾಯ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆ ರದ್ದಾಯಿತು, ರೆಗ್ಯುಲರ್ ವಿದ್ಯಾರ್ಥಿಗಳೆಲ್ಲ ಪಾಸು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಬದಲಾಗಲಿಲ್ಲ, ಕೊಠಡಿಗೆ ಕ್ಯಾಮೆರಾ ಬಂತು. ವರ್ಷದಿಂದ ವರ್ಷಕ್ಕೆ ಬುದ್ಧಿಮತ್ತೆ ಹೋಲಿಸಲು ಇಂಥ ಅಳತೆಗೋಲು ನಿಲ್ಲುವುದಿಲ್ಲ.

ಅಳೆಯಲೇಬೇಕಾದರೆ

ಭಾಷೆ ಬೇಡದ ಪರೀಕ್ಷೆ ಆರಿಸಿ. ರೇವನ್ಸ್ ಮ್ಯಾಟ್ರಿಸೆಸ್ ಇದಕ್ಕೆ ಹೊಂದುತ್ತದೆ. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಎ ಯಿಂದ ಇ ವರೆಗೆ ಐದು ಸೆಟ್, ಸೆಟ್‌ಗೆ 12, ಒಟ್ಟು 60 ಪ್ರಶ್ನೆ. ಎಲ್ಲವೂ ಚಿತ್ರಗಳ ವಿನ್ಯಾಸ. ಮೊದಲು 20 ಜನರಿಗೆ ಕೊಟ್ಟು ನೋಡಿ. ಹಲವರು 55 ದಾಟಿದರೆ ಮೇಲಿನವರ ವ್ಯತ್ಯಾಸ ಆ ಪರೀಕ್ಷೆಯಲ್ಲಿ ಕಾಣುವುದಿಲ್ಲ, 36 ಪ್ರಶ್ನೆಗಳ ಅಡ್ವಾನ್ಸ್ಡ್ ಆವೃತ್ತಿಗೆ ಹೋಗಿ, 40 ನಿಮಿಷ ಕೊಡಿ. ಮನಃಶಾಸ್ತ್ರದ ತರಬೇತಿ ಇರುವವರ ಮೂಲಕ ಅಧಿಕೃತ ಪ್ರತಿ ತರಿಸಿ. ಜೆರಾಕ್ಸ್ ಮಾಡಿ ಹಂಚಿದರೆ ಆ ಸಂಜೆಯೇ ಪ್ರಶ್ನೆಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ, ಮುಂದಿನ ವರ್ಷದ ಅಳತೆ ಹಾಳು.

ಎಷ್ಟು ಜನ ಬೇಕು? ಎರಡು ಬ್ಯಾಚುಗಳ ನಡುವೆ 5 ಅಂಕದ ವ್ಯತ್ಯಾಸ ನಂಬಿಕೆಯಿಂದ ಹಿಡಿಯಲು ಒಂದೊಂದು ಬ್ಯಾಚಿನಿಂದ ಸುಮಾರು 144 ಜನ, 3 ಅಂಕಕ್ಕೆ 400 ಜನ. ನೂರು ನೂರು ಜನರನ್ನು ಕೂರಿಸಿದರೆ ವ್ಯತ್ಯಾಸದ ಸುತ್ತ 4 ಅಂಕದ ಮಂಜು ಇದ್ದೇ ಇರುತ್ತದೆ. ಮೂವತ್ತು ಜನರನ್ನು ಪರೀಕ್ಷಿಸಿ ಮಟ್ಟ ಇಳಿಯಿತು ಎಂದು ಬರೆಯುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹೆಸರು ಪಟ್ಟಿಯಿಂದ ಚೀಟಿ ಎತ್ತಿ ಆರಿಸಿ, ‘ಯಾರು ಬಂದಿದ್ದಾರೋ ಅವರು’ ಬೇಡ. ದಿನದ ಆಯ್ಕೆ ಇಲ್ಲಿ ಬಹಳ ಮುಖ್ಯ. ಮುಂಗಾರು ಬಿತ್ತನೆಯ ವಾರ, ಮೆಕ್ಕೆಜೋಳ ಕೊಯ್ಲಿನ ವಾರಗಳಲ್ಲಿ ರೈತರ ಮನೆ ಮಕ್ಕಳು ಹೊಲದಲ್ಲಿರುತ್ತಾರೆ, ತರಗತಿಯಲ್ಲಿ ಉಳಿಯುವವರು ಪೇಟೆಯವರು. ಇಂಟರ್ನಲ್ ಟೆಸ್ಟಿನ ಮರುದಿನ ಬೆಳಿಗ್ಗೆ ಇಟ್ಟರೆ ಹಾಜರಿ ಚೆನ್ನಾಗಿರುತ್ತದೆ. ಗೈರಾದವರ ಪಿಯು ಅಂಕವನ್ನು ಅದೇ ಬ್ಯಾಚಿನ ಹಾಜರಾದವರದರ ಜೊತೆ ಹೋಲಿಸಿ, ತೀರಾ ಬೇರೆ ಇದ್ದರೆ ಇನ್ನೊಂದು ದಿನ ಇಟ್ಟು ಅವರನ್ನೂ ಕೂರಿಸಿ. ಉತ್ತರ ಪತ್ರಿಕೆಯಲ್ಲಿ ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಒಬ್ಬ ವಿದ್ಯಾರ್ಥಿಯ ಅಂಕವೂ ಹೊರಬೀಳಬಾರದು, ಜಾತಿವಾರು ಪಟ್ಟಿ ಮಾಡಲೇಬಾರದು. ಅದು ಈ ಪ್ರಶ್ನೆಗೆ ಉತ್ತರವೂ ಅಲ್ಲ.

ಅಂಕವನ್ನು ಐಕ್ಯೂಗೆ ಪರಿವರ್ತಿಸುವ ಕೋಷ್ಟಕದ ವರ್ಷ ನೋಡಿ. 1980ರ ದಶಕದಲ್ಲಿ ಜೇಮ್ಸ್ ಫ್ಲಿನ್ ತೋರಿಸಿದ ಹಾಗೆ, ಹಲವು ದೇಶಗಳಲ್ಲಿ ಇಡೀ ಜನಸಂಖ್ಯೆಯ ಅಂಕ ದಶಕಕ್ಕೆ ಸುಮಾರು 3ರಂತೆ ಏರುತ್ತಾ ಬಂದಿತ್ತು. 30 ವರ್ಷ ಹಳೆಯ ಕೋಷ್ಟಕ ಹಿಡಿದರೆ ಇಂದಿನವರ ಐಕ್ಯೂ ಸುಮಾರು 9 ಅಂಕ ಉಬ್ಬಿ ಕಾಣಬಹುದು. ಬೇರೆ ದೇಶದ ಕೋಷ್ಟಕವಾದರೆ ಗೊಂದಲ ಇನ್ನೂ ಹೆಚ್ಚು. ಸುರಕ್ಷಿತ ದಾರಿ ಎಂದರೆ ಐಕ್ಯೂಗೆ ಪರಿವರ್ತಿಸದೆ, ಒಂದೇ ಪರೀಕ್ಷೆಯ ಕಚ್ಚಾ ಅಂಕವನ್ನು ಬ್ಯಾಚಿನಿಂದ ಬ್ಯಾಚಿಗೆ ಹೋಲಿಸುವುದು.

ಕೆನಡಾದ ಬಾಬ್ ಉಟ್ಟ್ಲ್ ಮತ್ತು ಸಂಗಡಿಗರು 2024ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಪದವಿ ವಿದ್ಯಾರ್ಥಿಗಳ ಸರಾಸರಿ ಐಕ್ಯೂ ವರ್ಷಕ್ಕೆ ಸುಮಾರು 0.2ರಂತೆ ಇಳಿದು ಈಗ 102ರ ಹತ್ತಿರ ಬಂದಿದೆ ಎಂದು ಸಿಕ್ಕಿತು. ಕಾಲೇಜು ಸೇರುವುದು ಅಲ್ಲಿ ಸಾಮಾನ್ಯವಾದಷ್ಟೂ ಸರಾಸರಿ ಜನಸಂಖ್ಯೆಯ ಸರಾಸರಿಗೆ ಹತ್ತಿರವಾಯಿತು ಎಂಬುದೇ ಅವರ ವಿವರಣೆ. ವರ್ಷಕ್ಕೆ 0.2 ಎಂಬ ವೇಗವನ್ನು ಗಮನಿಸಿ. ಅದು ದಶಕಗಳ ಲೆಕ್ಕ. 102ನ್ನು ತಂದು ದಾವಣಗೆರೆಗೆ ಅಂಟಿಸಬೇಡಿ, ಅಲ್ಲಿನ ಪಾಲು ಬೇರೆ, ಬಾಗಿಲು ಬೇರೆ.

ಬುದ್ಧಿಯೋ, ಭಾಷೆಯೋ?

ಇಷ್ಟೆಲ್ಲ ಮಾಡಲು ಆಗದವರು ಇದೊಂದನ್ನಾದರೂ ಮಾಡಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಬಿ.ಕಾಂ.ನಲ್ಲಿ ಇಂಗ್ಲಿಷ್ ಪಠ್ಯ ಹಿಡಿದಾಗ ಮೊದಲ ಸೆಮಿಸ್ಟರ್ ಪೂರ್ತಿ ಮಂಕಾಗಿ ಕಾಣುತ್ತದೆ. ಅದನ್ನು ಬುದ್ಧಿಯ ಕೊರತೆ ಎಂದು ಓದುವ ತಪ್ಪು ದಿನವೂ ಆಗುತ್ತಿದೆ.

ಎಂಟರಿಂದ ಹತ್ತನೇ ತರಗತಿ ಮಟ್ಟದ 20 ಪ್ರಶ್ನೆ ತಯಾರಿಸಿ: ಭಿನ್ನರಾಶಿ, ಶೇಕಡಾ, ಒಂದು ನಕ್ಷೆ ಓದುವುದು, ಒಂದು ಪ್ಯಾರಾ ಓದಿ ಅರ್ಥ ಹೇಳುವುದು. ಉದಾಹರಣೆಗೆ: ‘ಒಬ್ಬ ರೈತ 50 ಕ್ವಿಂಟಲ್ ಮೆಕ್ಕೆಜೋಳ ತಂದ. ತೇವಾಂಶಕ್ಕೆಂದು ತೂಕದಲ್ಲಿ ಶೇ 2 ಕಡಿತ ಮಾಡಿದರು. ಕ್ವಿಂಟಲ್‌ಗೆ 2,200 ರೂಪಾಯಿಯಾದರೆ ಕೈಗೆ ಬಂದದ್ದೆಷ್ಟು?’ ಉತ್ತರ 1,07,800. ಇದೇ 20 ಪ್ರಶ್ನೆಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿ. ಬೆಸ ರೋಲ್ ನಂಬರಿಗೆ ಕನ್ನಡ, ಸಮ ನಂಬರಿಗೆ ಇಂಗ್ಲಿಷ್. ಸಮಯ ಇಬ್ಬರಿಗೂ 45 ನಿಮಿಷ.

ಕನ್ನಡದ ಗುಂಪು 14, ಇಂಗ್ಲಿಷ್ ಗುಂಪು 9 ತೆಗೆದರೆ ನಿಮ್ಮ ತರಗತಿಯ ತೊಂದರೆಯ ದೊಡ್ಡ ಪಾಲು ಭಾಷೆಯದು. ಮೊದಲ ಎಂಟು ವಾರ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬೋರ್ಡಿನ ಎಡಬದಿಗೆ ಬರೆಯಿರಿ, ಇಂಟರ್ನಲ್ ಪ್ರಶ್ನೆಗಳನ್ನು ದ್ವಿಭಾಷೆಯಲ್ಲಿ ಕೊಡಿ. ಎರಡೂ ಗುಂಪು 9ರಲ್ಲೇ ನಿಂತರೆ ತಳಪಾಯ ಸಡಿಲವಿದೆ. ಪ್ರಶ್ನೆವಾರು ಎಣಿಸಿ. ನೂರಕ್ಕೆ 40ಕ್ಕಿಂತ ಹೆಚ್ಚು ಜನ ತಪ್ಪು ಮಾಡಿದ್ದನ್ನು ತರಗತಿಯಲ್ಲೇ ಮತ್ತೆ ಕಲಿಸಿ, 15ಕ್ಕಿಂತ ಕಡಿಮೆ ಜನ ತಪ್ಪಿದ್ದನ್ನು ಆ ಮಕ್ಕಳನ್ನಷ್ಟೇ ಕೂರಿಸಿ ಸಂಜೆ ಹೇಳಿಕೊಡಿ. ಕಲಿಸಿದರೆ ಏನು ಬಂತು ಎನ್ನುವವರಿಗೆ ಒಂದು ಅಂಕಿ: 2018ರಲ್ಲಿ ಸ್ಟುವರ್ಟ್ ರಿಚಿ ಮತ್ತು ಎಲಿಯಟ್ ಟಕ್ಕರ್-ಡ್ರಾಬ್ 6 ಲಕ್ಷಕ್ಕೂ ಹೆಚ್ಚು ಜನರ ದತ್ತಾಂಶ ಒಟ್ಟುಗೂಡಿಸಿ ನೋಡಿದಾಗ, ಒಂದು ಹೆಚ್ಚುವರಿ ವರ್ಷದ ಓದು ಐಕ್ಯೂವನ್ನು 1ರಿಂದ 5 ಅಂಕ ಏರಿಸುತ್ತದೆ ಎಂದು ಕಂಡಿತು. ದೇಶದ ದಾಖಲಾತಿ ಏಳು ವರ್ಷ ಏರಿ ಕಳೆದದ್ದು 0.8.

ಫೈಲಿನಲ್ಲಿ ಏನಿರಬೇಕು

ಪಾಲಿನ ಅಂಶ ಮತ್ತು ಛೇದ, ಅವು ಯಾವ ವರದಿಯಿಂದ, ಯಾವ ತಾಲೂಕುಗಳಿಗೆ. ಊಹಿಸಿದ ಸಹಸಂಬಂಧ ಮತ್ತು ಕಾರಣ. ಪರೀಕ್ಷೆಯ ಹೆಸರು, ಆವೃತ್ತಿ, ದಿನಾಂಕ. ಆರಿಸಿದವರೆಷ್ಟು, ಕೂತವರೆಷ್ಟು. ಕಚ್ಚಾ ಅಂಕದ ಸರಾಸರಿ, ಮಾನಕ ವಿಚಲನೆ. ಕನ್ನಡ–ಇಂಗ್ಲಿಷ್ ಹಾಳೆಗಳ ಒಂದೊಂದು ಪ್ರತಿ, ಉತ್ತರ ಸಮೇತ. ಒಂದು ಪ್ರತಿ ವಿಭಾಗದಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ ಇಡಿ. ಬೋಧಕರು ವರ್ಗವಾಗಿ ಹೋಗುತ್ತಾರೆ, ಅತಿಥಿ ಉಪನ್ಯಾಸಕರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಐದು ವರ್ಷದ ನಂತರ ಅದೇ ಹಾಳೆ, ಅದೇ ತಿಂಗಳು, ಅದೇ 45 ನಿಮಿಷ ಇಟ್ಟು ಮತ್ತೆ ಅಳೆಯುವವರಿಗೆ ಈ ಫೈಲು ಸಿಗಬೇಕು.